ಕುಸುಮಾವತಿಗೆ ಇಡದ ಎಲೆ

ಶಾಮರಾಯರು ಎಲೆಗಳನ್ನು ಎರಡನೆಯ ಸಲ ಎಣಿಸಿದರು. ಐದೇ ಇದ್ದವು.

ಅವರು ಕುಳಿತಿದ್ದ ಜಗಲಿಯಿಂದ ನಡುಕೋಣೆ ಅರ್ಧ ಕಾಣುತ್ತಿತ್ತು. ದೀಪಾವಳಿಯ ಅಮಾವಾಸ್ಯೆ, ಮನೆಯಲ್ಲಿ ಸತ್ತವರಿಗೆ ಬಡಿಸುವ ದಿನ. ಸಾರಿಸಿದ ನೆಲದ ಮೇಲೆ ಬಾಳೆಯೆಲೆಗಳು ಸಾಲಾಗಿ ಇದ್ದವು. ಒಂದೊಂದರಲ್ಲೂ ಅನ್ನ, ಕೋಳಿಸಾರು, ಉದ್ದಿನ ದೋಸೆ. ಪಕ್ಕದಲ್ಲಿ ಒಂದೊಂದು ಲೋಟ ನೀರು. ಒಂದು ಎಲೆಯ ತುದಿಗೆ ಬೀಡಿಯ ಕಟ್ಟು ಇಟ್ಟಿತ್ತು. ಕಡೆಯ ಎಲೆಯ ತುದಿಗೆ ಬೆಲ್ಲದ ತುಂಡು.

ಯಜಮಾನ ಚಂದಯ್ಯ ಶೆಟ್ಟರು ಕೈಮುಗಿದು ಒಬ್ಬೊಬ್ಬರನ್ನೇ ಕರೆದರು.

“ಅಜ್ಜಿ ಬಂದ್ ಉಣ್ಕ್. ದೊಡ್ಡ ಮಾವ ಬಂದ್ ಉಣ್ಕ್. ಸಿದ್ದಾಪುರದ ಚಿಕ್ಕಿ ಉಣ್ಕ್. ಗುಡ್ಡ ಮಾವ ಉಣ್ಕ್. ಸೂರ, ನೀನೂ ಬಾ ಮಗಾ, ಉಣ್.”

ಸೂರ ಎಂದರೆ ಒಂಬತ್ತನೆಯ ವಯಸ್ಸಿನಲ್ಲಿ ಜ್ವರದಿಂದ ಹೋದ ಅವರ ತಮ್ಮ. ಬೆಲ್ಲ ಅವನದು.

ಚಂದಯ್ಯ ಹಿಂದಕ್ಕೆ ಸರಿದು ಕೋಣೆಯ ಬಾಗಿಲು ಎಳೆದುಕೊಂಡರು. ಸತ್ತವರು ಉಣ್ಣುವಾಗ ಬದುಕಿದ್ದವರು ನೋಡಬಾರದು, ದನಿ ಎತ್ತಬಾರದು. ಅವರ ತಾಯಿ ಗುಲಾಬಿ ಬಾಗಿಲಿಗೆ ಬೆನ್ನು ಕೊಟ್ಟು ಹೊಸ್ತಿಲಿನ ಬಳಿ ಕುಳಿತರು. ಎಪ್ಪತ್ತು ದಾಟಿದ ಮುದುಕಿ; ಕಣ್ಣು ಮುಚ್ಚಿಯೇ ಇತ್ತು.

“ಇನ್ನೆಷ್ಟ್ ಹೊತ್ತ್ ರಾಯ್ರೆ?” ಎಂದು ಭೋಜರಾಜ ಶೆಟ್ಟರು ಪಿಸುಗುಟ್ಟಿದರು. “ಕಲ್ಲ್ ಎಣ್ಸಿದ್ರಿ, ತೆಂಗಿನ ಮರ ಎಣ್ಸಿದ್ರಿ. ಈಗ ಸತ್ತವ್ರ ಎಲೆನೂ ಎಣ್ಸುಕೆ ಹೊರ್ಟ್ರಿಯಾ?”

“ಎಣ್ಸಿ ಆಯ್ತ್” ಎಂದರು ಶಾಮರಾಯರು.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಕುಂದಾಪುರದ ರಿಜಿಸ್ಟ್ರಾರ್ ಕಚೇರಿಯಲ್ಲಿ ತೆಕ್ಕಟ್ಟೆಯ ಈ ರಸ್ತೆಬದಿ ಜಾಗ ಭೋಜರಾಜರ ಹೆಸರಿಗೆ ಆಗಬೇಕಾಗಿತ್ತು. ಉಳಿದದ್ದು ಮೂರು ದಿನ. ಭೋಜರಾಜರು ಬೈಂದೂರಿನವರು. ಹದಿನೆಂಟು ವರ್ಷ ಬೊಂಬಾಯಿಯಲ್ಲಿ ಲೋಟ ತೊಳೆದು, ಚಹಾ ಮಾಡಿ, ಕೊನೆಗೆ ಬಂದರಿನ ಹತ್ತಿರ ಒಂದು ಕ್ಯಾಂಟೀನು ಮಾಡಿಕೊಂಡಿದ್ದರು. ಅದನ್ನು ಮಾರಿ ಊರಿಗೆ ಬಂದಿದ್ದರು. ಈ ಜಾಗದಲ್ಲಿ ಹೋಟೆಲು ಏಳದಿದ್ದರೆ ಅವರಿಗೆ ಹಿಂದೆ ಹೋಗಲು ಬೊಂಬಾಯಿಯೂ ಇಲ್ಲ, ಮುಂದೆ ಕೂರಲು ಊರೂ ಇಲ್ಲ.

ಅದಕ್ಕಾಗಿಯೇ ಅವರು ಸಾಲಿಗ್ರಾಮದ ಶಾಮರಾಯರನ್ನು ಕರೆತಂದಿದ್ದರು. ರಾಯರು ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ಸರಪಳಿ ಹಿಡಿಸಿ ನಿವೃತ್ತರಾದವರು. ಜಾಗ ಕೊಳ್ಳುವವರು ರುಜು ಹಾಕುವ ಮೊದಲು ಅವರನ್ನು ಕರೆಯುತ್ತಿದ್ದರು. ಅವರು ಕಾಗದವನ್ನೂ ನೆಲವನ್ನೂ ನೋಡುತ್ತಿದ್ದರು. ಕಾಗದ ಒಂದು ಹೇಳಿ ನೆಲ ಇನ್ನೊಂದು ಹೇಳಿದರೆ ನೆಲದ ಮಾತನ್ನೇ ನಂಬುತ್ತಿದ್ದರು.

ಇಲ್ಲಿ ಎರಡೂ ಒಂದೇ ಮಾತು ಹೇಳುತ್ತಿದ್ದವು. ಮದ್ರಾಸಿನ ಕಾಲದ ಮೂಲ ಪತ್ರ ಸರಿಯಾಗಿತ್ತು. ಋಣಭಾರದ ಸರ್ಟಿಫಿಕೇಟಿನಲ್ಲಿ ಯಾವ ಅಡವೂ ಇರಲಿಲ್ಲ. ಗಡಿಕಲ್ಲುಗಳು ಹುಟ್ಟಿದ ಜಾಗದಲ್ಲೇ ಇದ್ದವು. ಮೂಡುಬದಿಯ ಗದ್ದೆಯನ್ನು ವರ್ಷವರ್ಷದ ಗೇಣಿಗೆ ಮಾಡುತ್ತಿದ್ದ ಕರಿಯ, ಈ ತುಂಡಿನಲ್ಲಿ ತನಗೆ ಹಕ್ಕಿಲ್ಲವೆಂದು ಹೇಳಿದ್ದ. ದೇವಸ್ಥಾನಕ್ಕೆ ಹೋಗುವ ಕಾಲುದಾರಿ ಗಡಿಯ ಆಚೆಗಿತ್ತು.

ಉಳಿದದ್ದು ಒಂದು ಕಾಗದ. ಬೊಂಬಾಯಿಯಿಂದ ಬಂದ ಮರಣದ ಸರ್ಟಿಫಿಕೇಟು. ಚಂದಯ್ಯನವರ ಅಕ್ಕ ಕುಸುಮಾವತಿ ೧೯೬೧ರಲ್ಲಿ ತೀರಿಕೊಂಡರೆಂದು ಅದು ಹೇಳುತ್ತಿತ್ತು. ಅವರಿಗೆ ಮಕ್ಕಳಿರಲಿಲ್ಲ.

ಆ ಕಾಗದದ ಮೇಲೆ ಎಲ್ಲವೂ ನಿಂತಿತ್ತು. ಇದು ಅಳಿಯಸಂತಾನದ ಮನೆ. ಆಸ್ತಿ ಹೆಣ್ಣಿನ ಸಾಲಿನಲ್ಲಿ ಇಳಿಯುತ್ತದೆ. ಗಂಡಸು ಯಜಮಾನನಾಗಿ ನೋಡಿಕೊಳ್ಳಬಹುದು, ಮಾರಲು ಹೆಣ್ಣುಮಕ್ಕಳ ರುಜು ಬೇಕು. ತಾಯಿ ಗುಲಾಬಿ ಹೆಬ್ಬೆಟ್ಟು ಒತ್ತಿಯಾಗಿತ್ತು. ಕುಸುಮಾವತಿ ಬದುಕಿದ್ದರೆ ಅವರ ರುಜುವೂ ಬೇಕು. ಸತ್ತಿದ್ದರೆ ಬೇಡ.

ಸತ್ತಿದ್ದರೆ ಆರನೆಯ ಎಲೆ ಇರಬೇಕಾಗಿತ್ತು.

ಚಂದಯ್ಯ ಎಳನೀರು ಕೆತ್ತಿ ತಂದರು. ಕಟ್ಟುಮಸ್ತಾದ ಆಳು, ವಯಸ್ಸು ಐವತ್ತರ ಹತ್ತಿರ. ಎದುರಿನ ಕಟ್ಟೆಯ ಮೇಲೆ ಕುಳಿತು ವೀಳ್ಯದೆಲೆಗೆ ಸುಣ್ಣ ಹಚ್ಚತೊಡಗಿದರು.

“ಬೊಂಡ ಕುಡಿನಿ ರಾಯ್ರೆ. ನಮ್ಮನೇಲ್ ನೀವ್ ಉಂಬುದಿಲ್ಲ. ಇದಾರೂ ಆಯ್ಲಿ.”

“ಕುಡಿತೆ. ಒಂದ್ ವಿಷ್ಯ ಕೇಂತೆ ಶೆಟ್ರೆ. ಕುಸುಮಾವತಿ ಅಮ್ಮನ ಎಲೆ ಎಲ್ಲಿ?”

ಸುಣ್ಣದ ಬೆರಳು ಎಲೆಯ ಮೇಲೆ ನಿಂತಿತು.

“ಬೊಂಬಾಯಲ್ಲಿ ಸತ್ತದ್ದಲ್ದಾ. ಇಲ್ಲಿ ಬೊಜ್ಜ ಆಯ್ಲಿಲ್ಲ. ಸತ್ತವ್ರ ಕ್ರಿಯೆ ಆಗ್ದೆ ಎಲೆ ಇಡುಕೆ ಆತಿಲ್ಲ.”

“ಗುಡ್ಡ ಮಾವ ಎಲ್ಲಿ ಸತ್ತದ್ದ್?”

“ಕೊಲಂಬಲ್ಲಿ. ಅದೆಲ್ಲ ಹಳೇ ಕಥೆ.”

“ಹೆಣ ಊರಿಗ್ ಬಂದಿತ್ತಾ?”

“ಇಲ್ಲ. ಕಾಗ್ದ ಬಂದದ್ದ್.”

“ಕಾಗ್ದ ಬಂದ್ ಹದಿನಾರನೇ ದಿನಕ್ಕೆ ಬೊಜ್ಜ ಮಾಡಿದ್ರಿ, ಊರಿಗೆ ಊಟ ಹಾಕಿದ್ರಿ ಅಂತ ಕರಿಯ ಹೇಳ್ದ. ಇವತ್ತ್ ಬೀಡಿ ಸಮೇತ ಎಲೆ ಇಟ್ಟ್ರಿ. ಅಕ್ಕನ ಕಾಗ್ದ ಬಂದ್ ಏಳ್ ವರ್ಷ ಆಯ್ತ್.”

ಭೋಜರಾಜರು ಇಬ್ಬರ ಮುಖವನ್ನೂ ನೋಡಿದರು.

“ಅದ್ ಕೊಟ್ಟ ಹೆಣ್ಣ್” ಎಂದರು ಚಂದಯ್ಯ. “ಎಲೆ ಇಡ್ಕಾರೆ ಗಂಡನ ಬದಿಯವ್ರ್ ಇಡ್ಲಿ.”

“ಸಿದ್ದಾಪುರದ ಚಿಕ್ಕಿ ಕೊಡ್ದಿದ್ದ ಹೆಣ್ಣಾ?”

ಚಂದಯ್ಯ ವೀಳ್ಯದೆಲೆ ಮಡಚಿ ಬಾಯಿಗೆ ಹಾಕದೆ ಕೈಯಲ್ಲೇ ಇಟ್ಟುಕೊಂಡರು.

“ನಿಮ್ಮ ಮನೆ ಹೆಣ್ಣ್ ಎಲ್ಲಿಗ್ ಹೋದ್ರೂ ನಿಮ್ಮನೇದೇ. ಸತ್ತ್ ಮೇಲೆ ಉಂಬುಕೆ ಇಲ್ಲಿಗೇ ಬರ್ಕ್. ಇದ್ ನಾನ್ ನಿಮ್ಗೆ ಹೇಳ್ಕೊಡೂ ವಿಷ್ಯ ಅಲ್ಲ.”

“ರಾಯ್ರೆ, ನೀವ್ ಭಟ್ರ್ ಜಾತಿ. ನಮ್ಮ ಎಲೆ ಕಟ್ಕಂಡ್ ನಿಮ್ಗೆಂತ? ಸರ್ಕಾರದ ಕಾಗ್ದ ಇತ್ತ್. ಅದ್ರ ಮೇಲೆ ಸೀಲ್ ಇತ್ತ್. ರಿಜಿಸ್ಟ್ರಾರ್ ಎಲೆ ಕೇಂತ್ರಾ, ಸೀಲ್ ಕೇಂತ್ರಾ?”

“ಸೀಲೇ ಕೇಂತ್ರ್. ಆದ್ರೆ ಸೀಲ್ ಒತ್ತಿದವ್ನಿಗೆ ಕುಸುಮಾವತಿ ಯಾರ್ ಅಂತ ಗೊತ್ತಿಲ್ಲ. ಎಲೆ ಇಡುವವ್ರಿಗ್ ಗೊತ್ತಿತ್ತ್.”

“ಬೇಡಾರೆ ಬಿಡಿ.” ಚಂದಯ್ಯನ ದನಿ ಏರಿತು, ಮುಚ್ಚಿದ ಬಾಗಿಲಿನ ಕಡೆ ನೋಡಿ ಮತ್ತೆ ಇಳಿಯಿತು. “ಬ್ರಹ್ಮಾವರದ ಹಂಚಿನ ಕಾರ್ಖಾನೆಯವ್ರ್ ಕಾಯ್ತಾ ಇದ್ರ್. ಕರಾರಿನಲ್ಲಿ ಗುರ್ವಾರ ಅಂತ ಬರ್ದಿತ್ತ್. ಗುರ್ವಾರ ಹನ್ನೊಂದಕ್ಕ್ ನೀವ್ ಬಾರ್ದಿದ್ರೆ ಮುಂಗಡವೂ ಇಲ್ಲ, ಜಾಗವೂ ಇಲ್ಲ.”

ಭೋಜರಾಜರು ರಾಯರ ತೋಳು ಹಿಡಿದು ಜಗಲಿಯ ಮೂಲೆಗೆ ಕರೆದೊಯ್ದರು.

“ಸಾಕ್ ರಾಯ್ರೆ. ಸರ್ಟಿಫಿಕೇಟ್ ಇತ್ತಲ್ಲ, ಬಸ್, ಅಷ್ಟೇ. ಒಂದ್ ಎಲೆ ಮರ್ತ್ ಹೋಯ್ತ್ ಅಂತ ತಿಳ್ಕಂಬ.”

“ಒಂಬತ್ತ್ ವರ್ಷದ ಮಾಣಿಗೆ ಬೆಲ್ಲ ಇಡುಕೆ ನೆನಪಿತ್ತ್. ದೊಡ್ಡ ಮಗಳ್ ಮರ್ತ್ ಹೋತ್ತಾ?”

“ನಂಗೆ ಹಿಂದೆ ಹೋಪುಕೆ ಜಾಗ ಇಲ್ಲ. ನಿಮ್ಗ್ ಗೊತ್ತಿತ್ತ್.”

“ಅದಕ್ಕೇ ಇವತ್ತ್ ಕೇಂಬುದ್. ಹೋಟೆಲಿಗೆ ಹಂಚಿನ ಮಾಡು ಹಾಕಿದ ಮೇಲೆ ಅವ್ರ್ ಬಂದ್ ನಿಂತ್ಕಂಡ್ ‘ನನ್ನ ರುಜು ಎಲ್ಲಿ’ ಅಂದ್ರೆ, ಆಗ ಕೋರ್ಟಿಗೆ ಹೋಪವ್ರ್ ಚಂದಯ್ಯ ಅಲ್ಲ, ನೀವ್.”

ಭೋಜರಾಜರು ಕೈ ಬಿಟ್ಟರು. ಬೊಂಬಾಯಿಯಲ್ಲಿ ಅವರು ಹಲವು ಬಗೆಯ ಜನರೊಡನೆ ಜಗಳವಾಡಿ ಗೆದ್ದವರು. ಎದುರಿಗೆ ಬಾರದ ಒಬ್ಬ ಹೆಂಗಸಿನೊಡನೆ ಹೇಗೆ ಜಗಳವಾಡುವುದೆಂದು ಅವರಿಗೆ ತಿಳಿಯಲಿಲ್ಲ.

ರಾಯರು ಮರಳಿ ಬಂದು ಕುಳಿತಾಗ ಚಂದಯ್ಯ ನೆಲ ನೋಡುತ್ತಿದ್ದರು.

“ನಾನ್ ಕೊಯ್ದದ್ದ್ ಆರ್ ಎಲೆ” ಎಂದು ಹೊಸ್ತಿಲಿನ ಬಳಿ ಕುಳಿತಿದ್ದ ತಾಯಿಯ ಕಡೆ ನೋಡಿದರು. “ಒಂದನ್ನ್ ಅಬ್ಬಿ ತೆಗ್ದ್ ದನಕ್ಕ್ ಹಾಕ್ತ್.”

“ಪ್ರತಿ ವರ್ಷವಾ?”

“ಪ್ರತಿ ವರ್ಷ. ‘ನೀನ್ ಎಂತ ಬೇಕಾರೂ ಬರ್ಸ್ಕೋ, ಎಲೆ ಮಾತ್ರ ಇಡುಕಾಗ’ ಅಂತ್ತ್.” ಅವರು ಕೈಯಲ್ಲಿದ್ದ ವೀಳ್ಯದೆಲೆಯನ್ನು ಅಂಗಳಕ್ಕೆ ಎಸೆದರು. “ಹತ್ತ್ ವರ್ಷದ ಹಿಂದೆ ಅಕ್ಕ ಗಂಡನೊಟ್ಟಿಗೆ ಬೊಂಬಾಯಿಗ್ ಹೋಯ್ತ್ ಅಂದ್ರ್. ಆ ಮೇಲೆ ಒಂದ್ ಕಾಗ್ದ ಇಲ್ಲ, ಒಂದ್ ಸುದ್ದಿ ಇಲ್ಲ. ನಾನೂ ಹುಡ್ಕ್ಸಿದೆ. ಕಡೆಗ್ ಇಲ್ದವ್ರನ್ನ ಇಲ್ಲ ಅಂತ ಬರ್ಸ್ದೆ. ಅಷ್ಟೇ ನಾನ್ ಮಾಡಿದ್ದ್.”

ಆ ‘ಅಷ್ಟೇ’ ದೊಡ್ಡ ತಪ್ಪೆಂದು ಶಾಮರಾಯರು ಹೇಳಲಿಲ್ಲ. ಸತ್ತವರ ಹೆಸರನ್ನು ಬಾಯಿಂದ ಹೇಳುವುದು ಎಷ್ಟು ಕಷ್ಟವೆಂದು ಅವರಿಗೆ ಈ ವರ್ಷ ತಿಳಿದಿತ್ತು. ಹೆಂಡತಿ ವೇದಾವತಿ ಹೋಗಿ ಏಳು ತಿಂಗಳಾಗಿತ್ತು. ತಿಂಗಳ ಶ್ರಾದ್ಧದಲ್ಲಿ ಪುರೋಹಿತರು ಹೆಸರು ಕೇಳಿದಾಗಲೆಲ್ಲ ಅವರು ಗೋತ್ರವನ್ನು ಎರಡು ಸಲ ಹೇಳಿ ಆಮೇಲೆ ಹೆಸರಿಗೆ ಬರುತ್ತಿದ್ದರು. ಕಾಗದದ ಮೇಲೆ ಬರೆಯುವುದಾದರೆ ಅವರು ಹತ್ತು ಸಲ ಬರೆದುಕೊಡುತ್ತಿದ್ದರು.

ಹೊಸ್ತಿಲಿನ ಬಳಿ ಗುಲಾಬಿ ಎದ್ದರು. ಬಾಗಿಲಿಗೆ ಮೂರು ಸಲ ಬೆರಳಿನಿಂದ ತಟ್ಟಿದರು. ಉಂಡು ಆಯಿತೇ ಎಂದು ಸತ್ತವರನ್ನು ಕೇಳುವ ರೀತಿ ಅದು. ಆಮೇಲೆ ಬಾಗಿಲು ತೆರೆದು, ಒಳಗೆ ಹೋಗದೆ, ಜಗಲಿಗೆ ಬಂದರು.

“ಹ್ವಾಯ್ ಅಯ್ಯ, ಎಲೆ ಎಣ್ಸದ್ದ್ ನೀವಾ?”

“ಹೌದಮ್ಮ.”

“ನಿಮ್ಮನೇಲೂ ಈ ವರ್ಷ ಒಬ್ರ್ ಕಮ್ಮಿ ಆಯ್ರ್ ಅಂಬ್ರಲೆ.”

“ಹೌದು.”

ಮುದುಕಿ ತಲೆಯಾಡಿಸಿದರು. “ಇವ ಕಾಗ್ದ ತಂದ. ಹೆಬ್ಬೆಟ್ಟ್ ಒತ್ತ್ ಅಂದ, ಒತ್ತಿದೆ. ಅದ್ರಲ್ಲ್ ಎಂತ ಬರ್ದಿತ್ತೋ, ನಂಗ್ ಓದುಕೆ ಬತ್ತಿಲ್ಲ. ಎಲೆ ಹಾಂಗಲ್ಲ. ಉಸಿರ್ ಇಪ್ಪವ್ರಿಗೆ ಎಲೆ ಇಟ್ಟ್ ಕರೆದ್ರೆ, ಅವ್ರ್ ಬಪ್ಪುಕೆ ಹೊರ್ಡ್ತ್ರ್. ಹೆತ್ತ ಮಗಳನ್ನ ನಾನ್ ಹಾಂಗೆ ಕರೂದಾ?”

ಚಂದಯ್ಯ ಎದ್ದು ನಿಂತರು. “ಎಲ್ಲಿತ್ತ್ ಅಬ್ಬಿ ಅಕ್ಕ?”

“ಕೊಲ್ಲೂರಲ್ಲಿ. ಹೂವಿನ ಅಂಗಡಿ. ಶುಕ್ರವಾರದ ಬಸ್ಸಿನ ಕಂಡಕ್ಟರ್ ಹತ್ರ ಕುಂಕುಮ ಕಳ್ಸತ್ತ್.”

“ಹತ್ತ್ ವರ್ಷದಿಂದ?”

“ನೀನ್ ಕೇಂಡದ್ದ್ ಇವತ್ತೇ ಅಲ್ದಾ.”

ಚಂದಯ್ಯನ ಕಣ್ಣಲ್ಲಿ ನೀರು ಬಂತು. ಅಕ್ಕ ಸಿಕ್ಕಿದ್ದಕ್ಕೋ ಕರಾರು ಕೈತಪ್ಪುವುದಕ್ಕೋ ಶಾಮರಾಯರಿಗೆ ಹೇಳಲಾಗಲಿಲ್ಲ. ಗುಲಾಬಿ ಭೋಜರಾಜರ ಕಡೆ ತಿರುಗಿದರು.

“ನೀವ್ ಜಾಗ ತಕಂಬವ್ರಲ್ದಾ? ನನ್ನ ಮಗಳ ರುಜು ಇಲ್ದೆ ತಕಣ್ಬೇಡಿ. ಹೋಯ್ ಕಾಣಿ.”

*

ಮರುದಿನ ಹಬ್ಬ. ಬುಧವಾರ ಬೆಳಿಗ್ಗೆ ರಾಯರೂ ಭೋಜರಾಜರೂ ಕುಂದಾಪುರದಲ್ಲಿ ಕೊಲ್ಲೂರಿನ ಬಸ್ಸು ಹತ್ತಿದರು. ಹೆಮ್ಮಾಡಿಯಲ್ಲಿ ಸೇವಂತಿಗೆಯ ಬುಟ್ಟಿಗಳು ಹತ್ತಿದವು. ವಂಡ್ಸೆ ದಾಟಿದ ಮೇಲೆ ಕಾಡು ಶುರುವಾಯಿತು.

ಭೋಜರಾಜರು ದಾರಿಯುದ್ದಕ್ಕೂ ಲೆಕ್ಕ ಹಾಕಿದ ಮಾತುಗಳನ್ನು ಹೇಳಿ ನೋಡುತ್ತಿದ್ದರು.

“ಪಾಲ್ ಕೇಂಡ್ರೆ ಚಂದಯ್ಯ ಕೊಡ್ಲಿ. ನಾನೂ ಸ್ವಲ್ಪ ಮೇಲೆ ಹಾಕ್ತೆ. ಅತ್ತ್ರೆ ಸಮಾಧಾನ ಮಾಡ್ವ. ಬೈದ್ರೆ ಕೇಂಬ. ಬತ್ತಿಲ್ಲ ಅಂದ್ರೆ ಎಂತ ಮಾಡೂದ್ ರಾಯ್ರೆ?”

“ಬಂದ್ರೆ ಎಂತ ಮಾಡೂದ್ ಅಂತಲೂ ಯೋಚ್ನೆ ಮಾಡಿ.”

“ಬಂದ್ರೆ ಎಂತ, ಖುಷಿ.”

ರಾಯರು ಮೊದಲು ದೇವಸ್ಥಾನಕ್ಕೆ ಹೋಗಿ ಅಮ್ಮನವರ ಮುಂದೆ ಕೈಮುಗಿದು ಬಂದರು. ವೇದಾವತಿಗಾಗಿ ಒಂದು ಕುಂಕುಮಾರ್ಚನೆ ಮಾಡಿಸಿದರು. ಆಮೇಲೆ ಹೂವಿನ ಅಂಗಡಿಗಳ ಸಾಲಿಗೆ ಹೋದರು.

ಕೇಳಬೇಕಾಗಿ ಬರಲಿಲ್ಲ. ನಾಲ್ಕನೆಯ ಅಂಗಡಿಯ ಹೆಂಗಸಿಗೆ ಗುಲಾಬಿಯ ಹಣೆ, ಗುಲಾಬಿಯ ಮೂಗು. ಐವತ್ತು ದಾಟಿದ ವಯಸ್ಸು. ಮಣೆಯ ಮೇಲೆ ಕುಳಿತು ಅಬ್ಬಲಿಗೆ ಕಟ್ಟುತ್ತಿದ್ದರು. ಮುಂದಿನ ತಟ್ಟೆಯಲ್ಲಿ ಕುಂಕುಮದ ರಾಶಿ ಇತ್ತು, ಅವರ ಹಣೆಯಲ್ಲಿ ಇರಲಿಲ್ಲ.

ಶಾಮರಾಯರು ತಾವು ಯಾರೆಂದು ಹೇಳಿದರು, ಬಂದದ್ದೇಕೆಂದು ಹೇಳಿದರು. ಕುಸುಮಾವತಿ ಹೂ ಕಟ್ಟುವುದನ್ನು ನಿಲ್ಲಿಸದೆ ಕೇಳಿದರು.

“ಅಬ್ಬಿ ಕಳ್ಸ್ತಾ?”

“ಹೌದು.”

“ನಾನ್ ಸತ್ತದ್ದ್ ಯಾವ ವರ್ಷ ಅಂಬ್ರ್?”

“ಅರ್ವತ್ತೊಂದ್.”

“ಆ ವರ್ಷ ನಂಗೆ ಈ ಅಂಗಡಿ ಆದದ್ದ್. ಲಾಯ್ಕ್ ವರ್ಷ.” ನಗಲಿಲ್ಲ. “ಎಲ್ಲಿ ರುಜು ಹಾಕ್ಕ್?”

ಭೋಜರಾಜರಿಗೆ ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಬೇಡವಾದವು. “ಕುಂದಾಪ್ರದಲ್ಲಿ ಅಕ್ಕ. ನಾಳೆ ಹನ್ನೊಂದಕ್ಕೆ. ನಾನೇ ಕಾರ್ ಮಾಡ್ಕಂಡ್ ಬಂದ್ ಕರ್ಕಂಡ್ ಹೋತೆ.”

“ಬಸ್ಸ್ ಇತ್ತಲ್ಲ. ನಾನ್ ಬತ್ತೆ.”

ಭೋಜರಾಜರು ಗೆದ್ದವರಂತೆ ರಾಯರ ಕಡೆ ನೋಡಿದರು. ರಾಯರ ಮುಖದಲ್ಲಿ ಗೆಲುವು ಇರಲಿಲ್ಲ. ಮೂವತ್ತು ವರ್ಷ ಅವರು ಪಾಲುದಾರರನ್ನೇ ಕಂಡವರು. ಅಣ್ಣತಮ್ಮಂದಿರು ಒಂದು ಹಲಸಿನ ಮರಕ್ಕೆ ಕತ್ತಿ ಎತ್ತಿದ್ದನ್ನು ಕಂಡಿದ್ದರು. ತನ್ನನ್ನು ಸತ್ತವಳೆಂದು ಬರೆಸಿದ ಮನೆಯ ಜಾಗಕ್ಕೆ, ನನಗೆ ಬರುವುದೆಷ್ಟು ಎಂದು ಒಂದು ಮಾತು ಕೇಳದೆ ರುಜು ಹಾಕುತ್ತೇನೆ ಎಂದವರನ್ನು ಕಂಡಿರಲಿಲ್ಲ.

“ನಿಮ್ಮ ಪಾಲ್ ಕೇಂಡಿಲ್ಲ” ಎಂದರು.

“ಬೇಡ.”

“ತಮ್ಮನ ಮೇಲೆ ಸಿಟ್ಟಿಲ್ವಾ?”

“ಅವ್ನ್ ಮೇಲೆ ಎಂತಕ್ಕ್ ಸಿಟ್ಟ್? ಅವ್ನಿಗ್ ಎಂತದೂ ಗೊತ್ತಿಲ್ಲ.” ಕುಸುಮಾವತಿ ಭೋಜರಾಜರ ಕಡೆ ನೋಡಿದರು. “ಶೆಟ್ರೆ, ಜಾಗ ತಕಂಡ್ ನೀವ್ ಅಲ್ಲಿ ಎಂತ ಮಾಡ್ತ್ರಿ? ಅದೊಂದ್ ಹೇಳಿ.”

ಭೋಜರಾಜರು ಅಂಗಿಯ ಒಳಗಿನಿಂದ ಇಂಜಿನಿಯರು ಬರೆದುಕೊಟ್ಟ ನಕಾಶೆ ತೆಗೆದು ಹೂವಿನ ಬುಟ್ಟಿಯ ಮೇಲೆ ಹರಡಿದರು. ಒಂದು ವರ್ಷದಿಂದ ಯಾರು ಕೇಳಿದರೂ ಅದನ್ನು ತೋರಿಸುವುದೆಂದರೆ ಅವರಿಗೆ ಸಂತೋಷ.

“ಕಾಣಿ ಅಕ್ಕ. ಇದ್ ರಸ್ತೆ. ಇಲ್ಲಿ ಬಸ್ಸ್ ನಿಲ್ಲುಕೆ ಅಂಗಳ. ಇದ್ ಕೂಕಂಬ ಜಾಗ. ಹಿಂದೆ ಅಡುಗೆ ಕೋಣೆ. ಈ ಮೂಲೆಲಿ ಒಂದ್ ಹಳೇ ಬಾವಿ ಮುಚ್ಚಿದ್ ಗುರ್ತ್ ಇತ್ತ್. ಇಂಜಿನಿಯರ್ ಅದನ್ನ್ ಪೂರ್ತಿ ತೋಡಿ ತೆಗೀಕ್, ಮಣ್ಣ್ ಸಡ್ಲ ಇತ್ತ್, ಇಲ್ದಿದ್ರೆ ಗೋಡೆ ನಿಲ್ಲುದಿಲ್ಲ ಅಂದ್ರ್.”

“ಪೂರ್ತಿ ತೋಡ್ತ್ರಾ?”

“ಅಡಿ ತನಕ.”

“ಯಾವಾಗ?”

“ರಿಜಿಸ್ಟ್ರಿ ಆದ್ ಮರುದಿನವೇ ಆಳ್ ಬತ್ರ್.”

ಕುಸುಮಾವತಿ ಹೂವನ್ನು ಮಡಿಲಿನಲ್ಲಿ ಇಟ್ಟರು. ದೇವಸ್ಥಾನದ ಕಡೆ ತಿರುಗಿ ಕೈಮುಗಿದರು. ಹಾಗೆ ಎಷ್ಟು ಹೊತ್ತು ಇದ್ದರೆಂದರೆ, ಹೂ ಕೇಳಲು ಬಂದ ಒಬ್ಬರು ಕಾದು ಪಕ್ಕದ ಅಂಗಡಿಗೆ ಹೋದರು.

“ಆ ಬಾವಿನ ನಮ್ಮ ಮನೆಯವ್ರ್ ಯಾರೂ ತೋಡ್ಸುದಿಲ್ಲ” ಎಂದರು. “ಪರರ ಕೈಗೇ ಹೋಯ್ಕ್. ಜಾಗ ಮಾರ್ಲಿ ಅಂತ ಹತ್ತ್ ವರ್ಷದಿಂದ ಈ ಅಮ್ಮನ ಹತ್ರ ಕೇಂಡದ್ದ್ ಅದೊಂದೇ.”

“ಬಾವಿಲಿ ಎಂತ ಇತ್ತ್ ಅಕ್ಕ?”

“ನನ್ನ ಗಂಡ.”

ಭೋಜರಾಜರ ಕೈ ನಕಾಶೆಯ ಮೇಲೆ ಹಾಗೇ ಇತ್ತು.

“ಬೊಂಬಾಯಿಗ್ ನಾನೂ ಹೋಯ್ಲಿಲ್ಲ, ಅವ್ರೂ ಹೋಯ್ಲಿಲ್ಲ. ಆ ಸುದ್ದಿ ಹೇಳಿದ್ದ್ ಮನೆಯಿಂದ. ಚಂದಯ್ಯ ಆಗ ಶಿವಮೊಗ್ಗೆಲಿ ಇದ್ದಿದ್ದ. ಅವ ಊರಿಗ್ ಬಪ್ಪೊತ್ತಿಗೆ ಬಾವಿ ಮುಚ್ಚಿ ಬಾಳೆ ನೆಟ್ಟ್ ಆಯಿತ್ತ್.”

ಶಾಮರಾಯರು ನಿಧಾನವಾಗಿ ಕೇಳಿದರು. “ಮುಚ್ಚ್ಸದ್ದ್ ಯಾರಮ್ಮ?”

“ಅಬ್ಬಿ.”

ಅದನ್ನು ಹೇಳುವಾಗ ಅವರ ದನಿಯಲ್ಲಿ ಸಿಟ್ಟಾಗಲಿ ಭಯವಾಗಲಿ ಇರಲಿಲ್ಲ. ಶುಕ್ರವಾರ ಶುಕ್ರವಾರ ಕುಂಕುಮ ಕಳುಹಿಸುವುದು ಅದೇ ತಾಯಿಗೆ. ತಮ್ಮಿಬ್ಬರನ್ನು ಇಲ್ಲಿಗೆ ಕಳುಹಿಸಿದ್ದೂ ಅದೇ ತಾಯಿ. ಏಕೆ ಕಳುಹಿಸಿದರೆಂಬುದನ್ನು ರಾಯರು ಎಷ್ಟು ಕಡೆಯಿಂದ ನೋಡಿದರೂ ಗಡಿ ಕೂಡಿ ಬರಲಿಲ್ಲ.

ಕುಸುಮಾವತಿ ನಕಾಶೆಯನ್ನು ಮಡಿಕೆಯ ಗೆರೆ ತಪ್ಪದಂತೆ ಮಡಚಿ ಭೋಜರಾಜರ ಕೈಗೆ ಕೊಟ್ಟರು.

“ನಾಳೆ ಹನ್ನೊಂದಕ್ಕಲ್ದಾ? ನಾನ್ ಬತ್ತೆ. ನೀವ್ ಬತ್ರ್ಯಾ ಶೆಟ್ರೆ?”